ವೀರರ ಮಕ್ಕಳ ಕಥೆಗಳು: ಯಾವುದನ್ನು ಮೊದಲು ಓದಬೇಕು?

ದೊಡ್ಡ ಫ್ಯಾಂಟಸಿ ಸರಣಿಯೊಂದನ್ನು ಓದಿ ಮುಗಿಸಿದ ಮೇಲೆ ಕೆಲವು ದಿನ ಯಾವ ಪುಸ್ತಕವೂ ರುಚಿಸುವುದಿಲ್ಲ. ದುಷ್ಟ ಸತ್ತ, ಸಿಂಹಾಸನಕ್ಕೆ ಸರಿಯಾದವನು ಬಂದ, ಬದುಕುಳಿದವರು ಮದುವೆಯಾಗಿ ಮನೆ ಸೇರಿದರು. ಅಷ್ಟರಲ್ಲಿ ಅದೇ ಲೋಕದ ಇನ್ನೊಂದು ಪುಸ್ತಕ ಕಣ್ಣಿಗೆ ಬೀಳುತ್ತದೆ. ಈ ಸಲ ಕಥೆ ಅವರ ಮಕ್ಕಳದ್ದು. ಕೊಳ್ಳಬೇಕೋ ಬೇಡವೋ, ಕೊಂಡರೆ ಹಳೆಯದನ್ನೆಲ್ಲ ಮತ್ತೊಮ್ಮೆ ಓದಬೇಕೋ, ಅಪ್ಪನ ಕಥೆಯ ಬಗ್ಗೆ ಇರುವ ಪ್ರೀತಿಯನ್ನು ಇದು ಕೆಡಿಸಿಬಿಟ್ಟರೆ ಏನು ಗತಿ ಎಂದು ಮನಸ್ಸು ಹಿಂದೆ ಮುಂದೆ ನೋಡುತ್ತದೆ.

ಇಂಥ ಪುಸ್ತಕಗಳನ್ನು ಹೋಲಿಸುವಾಗ ಯುದ್ಧ ಎಷ್ಟಿದೆ, ಮಂತ್ರವಿದ್ಯೆಯ ನಿಯಮ ಹೇಗಿದೆ, ಸಂಪುಟ ಎಷ್ಟು ಎಂದೆಲ್ಲ ಲೆಕ್ಕ ಹಾಕುವುದುಂಟು. ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಅಪ್ಪ ಎಲ್ಲಿದ್ದಾನೆ? ಸತ್ತಿದ್ದಾನೆಯೇ, ಕಾಣೆಯಾಗಿದ್ದಾನೆಯೇ, ಪಕ್ಕದ ಕೋಣೆಯಲ್ಲೇ ವಯಸ್ಸಾಗಿ ಕೂತಿದ್ದಾನೆಯೇ, ಇಲ್ಲವೇ ಎದುರುಪಡೆಯಲ್ಲಿ ಬಿಲ್ಲು ಹಿಡಿದು ನಿಂತಿದ್ದಾನೆಯೇ? ಪುಸ್ತಕದ ಸ್ವಭಾವವೆಲ್ಲ ಈ ಒಂದು ಉತ್ತರದ ಮೇಲೆ ನಿಂತಿರುತ್ತದೆ. ಅಪ್ಪ ಸತ್ತಿದ್ದರೆ ಮಗನ ಜಗಳ ನೆನಪಿನ ಜೊತೆ. ಕಾಣೆಯಾಗಿದ್ದರೆ ಅದು ಹುಡುಕಾಟದ ಕಥೆ. ಬದುಕಿದ್ದರೆ ಮನೆಯೊಳಗಿನ ಕಥೆ. ಎದುರಿಗೆ ನಿಂತಿದ್ದರೆ ಅದಕ್ಕಿಂತ ಭಯಂಕರವಾದ ಯುದ್ಧ ಬೇರೊಂದಿಲ್ಲ. ನಿಮಗೆ ಇವುಗಳಲ್ಲಿ ಯಾವುದು ಬೇಕು ಎಂದು ಗೊತ್ತಾದರೆ ಪುಸ್ತಕದ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ಈ ಬಗೆಯ ಕಥೆಗಳ ನೋವು ಎಷ್ಟು ಹಳೆಯದು ಎನ್ನುವುದಕ್ಕೆ ಹೋಮರನ ಗ್ರೀಕ್ ಕಾವ್ಯ ಇಲಿಯಡ್‌ನ ನಾಲ್ಕನೆಯ ಸರ್ಗದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಯುದ್ಧಕ್ಕೆ ಮುಂಚೆ ಗ್ರೀಕರ ದಂಡನಾಯಕ ಅಗಮೆಮ್ನಾನ್ ಪಡೆಯನ್ನು ಹುರಿದುಂಬಿಸುತ್ತಾ ಬರುತ್ತಾನೆ. ಡಯೊಮೀಡಿಸನ ಮುಂದೆ ನಿಂತು, ನಿನ್ನ ಅಪ್ಪ ಟೈಡಿಯಸ್ ಎಂಥ ವೀರ, ಅವನ ಮಗ ಹೋರಾಟದಲ್ಲಿ ಅವನಿಗಿಂತ ಕಡಿಮೆ, ಮಾತಿನಲ್ಲಿ ಮಾತ್ರ ಮುಂದು ಎಂದು ಚುಚ್ಚುತ್ತಾನೆ. ಡಯೊಮೀಡಿಸ್ ಸುಮ್ಮನಿರುತ್ತಾನೆ. ಪಕ್ಕದಲ್ಲಿದ್ದ ಸ್ಥೆನೆಲಸನಿಗೆ ತಡೆಯಲಾಗುವುದಿಲ್ಲ. ಸುಳ್ಳು ಹೇಳಬೇಡ, ನಾವು ನಮ್ಮ ಅಪ್ಪಂದಿರಿಗಿಂತ ಮೇಲು, ಅವರು ಗೆಲ್ಲಲಾಗದೆ ಸತ್ತ ಥೀಬ್ಸ್ ನಗರವನ್ನು ಗೆದ್ದವರು ನಾವು ಎನ್ನುತ್ತಾನೆ. ಅವನ ಮಾತು ನಿಜ. ಆದರೂ ಡಯೊಮೀಡಿಸ್ ಅವನನ್ನೇ ಗದರಿಸಿ ಸುಮ್ಮನಾಗಿಸುತ್ತಾನೆ. ಆ ಮಕ್ಕಳು ಥೀಬ್ಸ್ ಗೆದ್ದ ಕಥೆಯನ್ನೇ ಹೇಳುವ ಒಂದು ಮಹಾಕಾವ್ಯ ಗ್ರೀಕಿನಲ್ಲಿತ್ತು, ಈಗ ಕೆಲವು ಸಾಲುಗಳಷ್ಟೇ ಉಳಿದಿವೆ. ಗೆದ್ದು ತೋರಿಸಿದರೂ ಅಪ್ಪನ ಹೆಸರಿನಲ್ಲೇ ಅಳೆಯಿಸಿಕೊಳ್ಳಬೇಕಾದ ಸಂಕಟ ಇದು. ಮುಂದೆ ಹೇಳುವ ಪುಸ್ತಕಗಳಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಇದೇ ಇದೆ.

ಒಂದು ಮಾತು. ಹಳೆಯ ಕಾವ್ಯಗಳ ಕೊನೆ ಎಲ್ಲರಿಗೂ ಗೊತ್ತಿರುವಂಥದ್ದು, ಹಾಗಾಗಿ ಅವನ್ನು ಮುಚ್ಚಿಟ್ಟಿಲ್ಲ. ಹೊಸ ಕಾದಂಬರಿಗಳ ವಿಷಯದಲ್ಲಿ ಮೊದಲ ಭಾಗ ದಾಟಿ ಏನನ್ನೂ ಹೇಳಿಲ್ಲ.

ಅಪ್ಪ ಎದುರಿಗೆ ನಿಂತಾಗ

ಕನ್ನಡ ಓದುಗರಿಗೆ ನನ್ನ ಮೊದಲ ಸಲಹೆ ಲಕ್ಷ್ಮೀಶನ ಜೈಮಿನಿ ಭಾರತ. ಗದುಗಿನ ಭಾರತ ಹತ್ತು ಪರ್ವಗಳಿಗೆ ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದ. ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕಥೆಯನ್ನೇ ಎತ್ತಿಕೊಂಡು ಸ್ವತಂತ್ರ ಕಾವ್ಯ ಮಾಡಿದವನು ಮಾತ್ರ ಲಕ್ಷ್ಮೀಶ. ವಾರ್ಧಕ ಷಟ್ಪದಿಯಲ್ಲಿ 34 ಸಂಧಿ. ನಿಜವಾದ ಅರ್ಥದಲ್ಲಿ ಇದೊಂದು ಸೀಕ್ವೆಲ್. ಕುರುಕ್ಷೇತ್ರದಲ್ಲಿ ಗೆದ್ದವರಿಗೆ ವಯಸ್ಸಾಗಿದೆ, ಗೆಲುವಿನ ಪಾಪ ಧರ್ಮರಾಯನನ್ನು ಕಾಡುತ್ತಿದೆ, ಕುದುರೆ ಬಿಟ್ಟಿದ್ದಾರೆ, ಅದರ ಹಿಂದೆ ಹೊರಟ ಪಡೆಯಲ್ಲಿ ಸತ್ತವರ ಮಕ್ಕಳಿದ್ದಾರೆ.

ಆ ಮಕ್ಕಳಲ್ಲಿ ನನ್ನನ್ನು ಹೆಚ್ಚು ಕಾಡುವವನು ವೃಷಕೇತು. ಕರ್ಣನ ಮಗ. ಅಪ್ಪನನ್ನು ಕೊಂದ ಅರ್ಜುನನ ಪರವಾಗಿಯೇ ಈಗ ಯುದ್ಧಕ್ಕೆ ಹೋಗುತ್ತಾನೆ. ಯಜ್ಞದ ಕುದುರೆಯನ್ನು ತರಲು ಭೀಮನ ಜೊತೆ ಹೊರಡುವವರು ಇಬ್ಬರು: ಈ ವೃಷಕೇತು ಮತ್ತು ಘಟೋತ್ಕಚನ ಮಗ. ಒಬ್ಬನ ಅಪ್ಪ ಪಾಂಡವರ ಬಾಣಕ್ಕೆ ಸತ್ತವನು, ಇನ್ನೊಬ್ಬನ ಅಪ್ಪ ಆ ಮೊದಲಿನವನ ಅಪ್ಪನ ಕೈಯಲ್ಲೇ ಸತ್ತವನು. ಕರ್ಣ ಘಟೋತ್ಕಚನನ್ನು ಕೊಂದದ್ದು ನೆನಪಿಟ್ಟುಕೊಂಡು ಓದಿದರೆ ಈ ಮೂವರೂ ಒಂದೇ ದಾರಿಯಲ್ಲಿ ನಡೆಯುವ ಚಿತ್ರ ಎಷ್ಟು ತೂಕದ್ದು ಎಂದು ಗೊತ್ತಾಗುತ್ತದೆ. ಇವತ್ತಿನ ಕಾದಂಬರಿಕಾರನಾಗಿದ್ದರೆ ಈ ಒಂದು ಪಯಣಕ್ಕೇ ಒಂದು ಸಂಪುಟ ಕೊಡುತ್ತಿದ್ದ.

ಇನ್ನು ಬಭ್ರುವಾಹನ. 1977ರಲ್ಲಿ ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ಸಿನಿಮಾದಲ್ಲಿ ಅಪ್ಪನೂ ಮಗನೂ ರಾಜ್‌ಕುಮಾರರೇ ಆಗಿ ಎದುರುಬದುರಾದದ್ದನ್ನು ನೋಡಿದವರಿಗೆ ಕಥೆ ಗೊತ್ತು. ಆದರೂ ಕಾವ್ಯದಲ್ಲಿ ಅದು ನಡೆಯುವ ರೀತಿಯನ್ನು ಗಮನಿಸಬೇಕು. ಕುದುರೆ ಮಣಿಪುರಕ್ಕೆ ಬರುತ್ತದೆ. ಕಟ್ಟಿಹಾಕಿದ ಮೇಲೆ ಅದು ಅಪ್ಪನ ಕುದುರೆ ಎಂದು ಬಭ್ರುವಾಹನನಿಗೆ ತಿಳಿಯುತ್ತದೆ. ಅವನು ಮಾಡುವುದು ಯಾವ ಮಗನಾದರೂ ಮಾಡುವ ಕೆಲಸ: ಕಾಣಿಕೆ ಹೊರಿಸಿಕೊಂಡು, ಕುದುರೆಯನ್ನು ಮರಳಿಸಿ ಕಾಲಿಗೆ ಬೀಳಲು ಹೋಗುತ್ತಾನೆ. ಅರ್ಜುನ ಅವನನ್ನು ಎತ್ತಿ ಅಪ್ಪಿಕೊಳ್ಳುವುದಿಲ್ಲ. ಯುದ್ಧ ಮಾಡದೆ ಕಪ್ಪ ತಂದವನು ನನ್ನ ಮಗನೇ ಅಲ್ಲ ಎಂದು ಹೀಯಾಳಿಸುತ್ತಾನೆ, ಅವನ ತಾಯಿಯ ಶೀಲವನ್ನೂ ಮಾತಿಗೆ ಎಳೆಯುತ್ತಾನೆ. ಮಗ ಅಪ್ಪನನ್ನು ಗೆಲ್ಲುವುದು ಆಮೇಲೆ, ಆ ಮಾತಿಗೆ ಉತ್ತರವಾಗಿ. ಉಲೂಪಿಯ ಸಲಹೆಯಂತೆ ನಾಗಲೋಕದ ಸಂಜೀವಕ ಮಣಿ ಬಂದು ಅರ್ಜುನ ಬದುಕುತ್ತಾನೆ, ಸರಿ. ಆದರೆ ಓದುಗನ ಮನಸ್ಸಿನಲ್ಲಿ ಉಳಿಯುವುದು ಕಾಣಿಕೆಯ ತಟ್ಟೆ ಹಿಡಿದು ನಿಂತ ಹುಡುಗನ ಮುಖ. ವ್ಯಾಸಭಾರತದಲ್ಲೂ ಈ ಪ್ರಸಂಗ ಇದೆ, ಅಲ್ಲಿ ಅರ್ಜುನನ ಸೋಲಿಗೆ ಭೀಷ್ಮನನ್ನು ಕೊಂದ ದೋಷ, ವಸುಗಳ ಶಾಪ ಎಂಬ ಕಾರಣ ಸಿಗುತ್ತದೆ. ಜೈಮಿನಿಯ ಜಾಡಿನಲ್ಲಿ ಅವಮಾನದ ಉರಿ ಹೆಚ್ಚು.

ಲಕ್ಷ್ಮೀಶನ ಇನ್ನೊಂದು ಚಮತ್ಕಾರ ಏನೆಂದರೆ ಈ ಯುದ್ಧಕ್ಕೆ ಹೊಂದಿಸಿ ಕುಶಲವರ ಕಥೆಯನ್ನು ಒಳಗೆ ಇಡುವುದು. ಅಪ್ಪ ಮಕ್ಕಳು ಹೀಗೆ ಹೋರಾಡಿದ್ದು ಹಿಂದೆಯೂ ಉಂಟೇ ಎಂಬ ಎಳೆ ಹಿಡಿದು ಸೀತಾ ಪರಿತ್ಯಾಗದಿಂದ ಶುರುವಾಗಿ ಮಕ್ಕಳು ಯಜ್ಞದ ಕುದುರೆ ಕಟ್ಟುವವರೆಗೆ ಬರುತ್ತದೆ. ಹಾಗಾಗಿ ಒಂದೇ ಪುಸ್ತಕದಲ್ಲಿ ಎರಡು ಇತಿಹಾಸಗಳ ಮುಂದಿನ ತಲೆಮಾರು ನಿಮಗೆ ಸಿಗುತ್ತದೆ. ಭಾಷೆ ಕಷ್ಟ ಎಂಬ ಹೆದರಿಕೆ ಇದ್ದರೆ ತಾತ್ಪರ್ಯ ಇರುವ ಆವೃತ್ತಿ ತೆಗೆದುಕೊಳ್ಳಿ, ಮೊದಲ ಸಂಧಿಯಿಂದ ಶುರುಮಾಡಲೂ ಬೇಡಿ. ನೇರವಾಗಿ ಬಭ್ರುವಾಹನನ ಭಾಗ, ಅಲ್ಲಿಂದ ಸೀತಾ ಪರಿತ್ಯಾಗ, ಆಮೇಲೆ ಹಿಂದಕ್ಕೆ. ಪದ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ತಾತ್ಪರ್ಯ ನೋಡಿ, ಮತ್ತೆ ಪದ್ಯಕ್ಕೆ ಬನ್ನಿ. ಷಟ್ಪದಿಯ ಓಟ ಕಿವಿಗೆ ಹಿಡಿಸಿದ ಮೇಲೆ ಅರ್ಧ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ.

ಇದೇ ಕುಶಲವರ ಕಥೆ ಭವಭೂತಿಯ ಉತ್ತರರಾಮಚರಿತದಲ್ಲಿ ಬೇರೆ ರೂಪ ಪಡೆಯುತ್ತದೆ. ಎಂಟನೆಯ ಶತಮಾನದ ಸಂಸ್ಕೃತ ನಾಟಕ, ಏಳು ಅಂಕ. ಹಿಂದಿನ ಕಥೆ ಮರೆತವರಿಗೆ ಅದನ್ನು ನೆನಪಿಸುವುದು ಹೇಗೆ ಎಂಬ ತೊಡಕು ಎಲ್ಲ ಸೀಕ್ವೆಲ್ ಬರೆಯುವವರಿಗೂ ಇರುತ್ತದೆ. ಭವಭೂತಿ ಮೊದಲ ಅಂಕದಲ್ಲೇ ರಾಮ, ಸೀತೆ, ಲಕ್ಷ್ಮಣರ ಮುಂದೆ ಅವರದೇ ವನವಾಸದ ಚಿತ್ರಗಳನ್ನು ಇಡುತ್ತಾನೆ. ಅವರು ಒಂದೊಂದೇ ಚಿತ್ರ ನೋಡಿ ನಗುತ್ತಾರೆ, ಬೆಚ್ಚುತ್ತಾರೆ, ಸೀತೆಗೆ ಮತ್ತೆ ಕಾಡಿಗೆ ಹೋಗಿ ಬರುವ ಆಸೆಯಾಗುತ್ತದೆ. ಆ ಆಸೆಯೇ ಅವಳನ್ನು ಕಾಡಿಗೆ ಬಿಟ್ಟುಬರಲು ನೆಪವಾಗುತ್ತದೆ. ಅದೇ ಚಿತ್ರಗಳಲ್ಲಿ ಜೃಂಭಕಾಸ್ತ್ರಗಳು ಕಂಡಾಗ, ಇವು ಮುಂದೆ ನಿನ್ನ ಮಕ್ಕಳಿಗೆ ಒಲಿಯುತ್ತವೆ ಎಂದು ರಾಮ ಹೇಳುತ್ತಾನೆ. ನಾಲ್ಕು ಅಂಕ ಕಳೆದು, ಯಾರ ಮಗನೆಂದು ತನಗೇ ಗೊತ್ತಿಲ್ಲದ ಲವ ಆ ಅಸ್ತ್ರವನ್ನು ಪ್ರಯೋಗಿಸಿದಾಗ ನೋಡುವವರ ಮೈ ಜುಮ್ಮೆನ್ನುತ್ತದೆ. ಹಿಂದಿನ ಕಥೆಯನ್ನು ನೆನಪಿಸುತ್ತಲೇ ಮುಂದಿನದಕ್ಕೆ ಬೀಜ ಹಾಕುವ ಇಂಥ ಕೆಲಸವನ್ನು ಇಂದಿನ ಎಷ್ಟು ಲೇಖಕರು ಮಾಡುತ್ತಾರೆ?

ಈ ನಾಟಕದಲ್ಲಿ ಲವನ ಎದುರಾಳಿ ಲಕ್ಷ್ಮಣನ ಮಗ ಚಂದ್ರಕೇತು. ಲವ ನೆಲದ ಮೇಲೆ ನಿಂತಿದ್ದಾನೆಂದು ಚಂದ್ರಕೇತು ತಾನೂ ರಥದಿಂದ ಇಳಿಯುತ್ತಾನೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಯಾಕೋ ಪ್ರೀತಿ. ಹಾಗೆಂದು ಲವ ಸುಮ್ಮನಿರುವವನಲ್ಲ. ನಿಮ್ಮ ದೊಡ್ಡವರ ವಿಷಯ ಬಿಡಿ ಎಂದು, ಹೆಂಗಸಾದ ತಾಟಕಿಯನ್ನು ಕೊಂದದ್ದು, ಖರನೊಡನೆ ಹೋರಾಡುವಾಗ ಮೂರು ಹೆಜ್ಜೆ ಹಿಂದೆ ಸರಿದದ್ದು, ವಾಲಿಯನ್ನು ಕೊಂದ ರೀತಿ, ಎಲ್ಲವನ್ನೂ ಎತ್ತಿ ಆಡುತ್ತಾನೆ. ತನ್ನ ಅಪ್ಪನ ಬಗ್ಗೆಯೇ ಹೇಳುತ್ತಿದ್ದೇನೆ ಎಂದು ಅವನಿಗೆ ಗೊತ್ತಿಲ್ಲ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಸೀತೆ ಭೂಮಿಗೆ ಸೇರಿದರೆ, ಇಲ್ಲಿ ಕೊನೆಗೆ ಎಲ್ಲರೂ ಒಂದಾಗುತ್ತಾರೆ. ದುಃಖದ ಕಥೆ ಬೇಕು, ಆದರೆ ಕೊನೆಯಲ್ಲಿ ಸಮಾಧಾನವೂ ಬೇಕು ಎನ್ನುವವರಿಗೆ ಇದು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ್ದರಿಂದ, ಈ ಬಗೆ ನಿಮಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಲೂ ಒಳ್ಳೆಯದು.

ಸಮಾಧಾನವೇ ಬೇಡ ಎನ್ನುವ ಗಟ್ಟಿ ಎದೆಯವರಿಗೆ ಪರ್ಶಿಯಾದ ಶಾಹನಾಮೆ. ಫಿರ್ದೌಸಿ ಇದನ್ನು ಮುಗಿಸಿದ್ದು ಕ್ರಿ.ಶ. 1010ರಲ್ಲಿ. ಇಡೀ ಕಾವ್ಯ ಸುಮಾರು 50,000 ದ್ವಿಪದಿಗಳಷ್ಟು ದೊಡ್ಡದು, ಆದರೆ ಇರಾನಿನ ವೀರ ರುಸ್ತುಂ ಮತ್ತು ಅವನ ಮಗ ಸೊಹ್ರಾಬರ ಭಾಗವನ್ನು ಬಿಡಿಯಾಗಿ ಓದಬಹುದು. ಸೊಹ್ರಾಬ್ ಅಪ್ಪನನ್ನು ಕಂಡವನಲ್ಲ. ಅವನ ಕನಸು ಎಳೆಯರ ಕನಸು: ಈ ರಾಜರನ್ನೆಲ್ಲ ಇಳಿಸಿ ಅಪ್ಪನನ್ನು ಸಿಂಹಾಸನದಲ್ಲಿ ಕೂರಿಸಬೇಕು. ಯುದ್ಧದ ಹಿಂದಿನ ಹೊತ್ತು, ಎತ್ತರದಲ್ಲಿ ನಿಂತು ಸೆರೆಯಾಳು ಹುಜೀರನಿಗೆ ಇರಾನಿನ ಡೇರೆಗಳನ್ನು ಒಂದೊಂದಾಗಿ ತೋರಿಸಿ ಇದು ಯಾರದ್ದು, ಅದು ಯಾರದ್ದು ಎಂದು ಕೇಳುತ್ತಾನೆ. ಹಸಿರು ಡೇರೆ ರುಸ್ತುಮನದ್ದು. ರುಸ್ತುಮನನ್ನು ತೋರಿಸಿಕೊಟ್ಟರೆ ಈ ಹುಡುಗ ಕೊಂದುಬಿಟ್ಟಾನು ಎಂದು ಹೆದರಿ ಹುಜೀರ್ ಸುಳ್ಳು ಹೇಳುತ್ತಾನೆ. ಮರುದಿನ ರುಸ್ತುಮನೂ ತನ್ನ ಹೆಸರನ್ನು ಮುಚ್ಚಿಡುತ್ತಾನೆ. ಕುಸ್ತಿಯಲ್ಲಿ ಮೊದಲು ಬಿದ್ದವನು ಅಪ್ಪನೇ. ಮೊದಲ ಸಲ ಕೆಡವಿದಾಗ ಕೊಲ್ಲುವುದು ನಮ್ಮಲ್ಲಿ ಪದ್ಧತಿಯಲ್ಲ ಎಂದು ಮೋಸದ ಮಾತಾಡಿ ಬದುಕಿಕೊಳ್ಳುತ್ತಾನೆ. ಮುಂದೆ ತಾನು ಕೆಡವಿದಾಗ ಆ ಪದ್ಧತಿ ನೆನಪಾಗುವುದಿಲ್ಲ. ಗುರುತಿಗೆಂದು ಮಗನ ತೋಳಿಗೆ ಕಟ್ಟಿದ ಮಣಿ ಕಾಣುವ ಹೊತ್ತಿಗೆ ಕತ್ತಿ ಇಳಿದಾಗಿದೆ. ಬಭ್ರುವಾಹನನ ಕಥೆಯಲ್ಲಿ ಸಂಜೀವಕ ಮಣಿ ಬಂತು, ಇಲ್ಲಿ ಔಷಧವನ್ನು ಕೇಳಿದರೂ ರಾಜ ಕೈಕಾವೂಸ್ ಕೊಡುವುದಿಲ್ಲ. ಎರಡನ್ನೂ ಒಂದರ ಹಿಂದೊಂದು ಓದಿದರೆ ಒಂದೇ ಎಳೆಯ ಕಥೆ ಎರಡು ಲೋಕಗಳಲ್ಲಿ ಹೇಗೆ ಬೇರೆ ಬೇರೆ ಕಡೆ ಹೊರಳುತ್ತದೆ ಎಂದು ಕಾಣುತ್ತದೆ.

ಅಪ್ಪ ಕಾಣೆಯಾದಾಗ

ಇಲ್ಲಿ ಹೆಚ್ಚು ಹುಡುಕಬೇಕಾಗಿಲ್ಲ, ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿ ಇದೆ. 24 ಸರ್ಗಗಳಲ್ಲಿ ಮೊದಲ ನಾಲ್ಕು ವೀರ ಒಡಿಸ್ಯೂಸನ ಮಗ ಟೆಲೆಮಾಕಸನವು. ಹತ್ತು ವರ್ಷ ಯುದ್ಧ, ಹತ್ತು ವರ್ಷ ಅಲೆದಾಟ, ಅಪ್ಪನ ಮುಖವೇ ಅವನಿಗೆ ನೆನಪಿಲ್ಲ. ಮನೆಯಲ್ಲಿ ತಾಯಿಯನ್ನು ಮದುವೆಯಾಗಲು ಬಂದ 108 ಜನ ಕೂತು ಉಣ್ಣುತ್ತಿದ್ದಾರೆ. ಅವನು ಪೈಲಸ್ ಮತ್ತು ಸ್ಪಾರ್ಟಾಗಳಿಗೆ ಹೋಗಿ ಅಪ್ಪನ ಜೊತೆಗಾರರಿಂದ ಅಪ್ಪನ ಕಥೆ ಕೇಳುತ್ತಾನೆ.

ಇದನ್ನು ಸಾಹಸ ಕಥೆಯೆಂದು ಮಾತ್ರ ಓದುವವರು ಒಂದು ಗಳಿಗೆಯನ್ನು ತಪ್ಪಿಸಿಕೊಳ್ಳುತ್ತಾರೆ. 21ನೆಯ ಸರ್ಗದಲ್ಲಿ ಅಪ್ಪನ ಬಿಲ್ಲಿಗೆ ಹೆದೆ ಏರಿಸುವ ಪಂದ್ಯ. ಅಪ್ಪ ಮಾರುವೇಷದಲ್ಲಿ ಅಲ್ಲೇ ಇದ್ದಾನೆ. ಟೆಲೆಮಾಕಸ್ ಮೂರು ಸಲ ಬಿಲ್ಲನ್ನು ಬಗ್ಗಿಸಿ ಸೋಲುತ್ತಾನೆ. ನಾಲ್ಕನೆಯ ಸಲ ಖಂಡಿತ ಹೆದೆ ಏರುತ್ತಿತ್ತು ಎನ್ನುತ್ತಾನೆ ಕವಿ, ಆದರೆ ಅಪ್ಪ ಕಣ್ಸನ್ನೆ ಮಾಡಿ ತಡೆಯುತ್ತಾನೆ. ಮಗ ಬಿಲ್ಲು ಕೆಳಗಿಟ್ಟು, ನಾನಿನ್ನೂ ಎಳೆಯವನು, ನನ್ನಿಂದಾಗದು ಎಂದು ಎಲ್ಲರ ಮುಂದೆ ಹೇಳಿಬಿಡುತ್ತಾನೆ. ಅಪ್ಪನಿಗೆ ಸಮನಾದ ಆ ಗಳಿಗೆಯನ್ನು ಅಪ್ಪನಿಗಾಗಿಯೇ ಬಿಟ್ಟುಕೊಡಬೇಕಾಗುತ್ತದೆ. ಹುಡುಕಾಟ, ಪ್ರಯಾಣ, ದೊಡ್ಡವನಾಗುವುದು ಇವು ನಿಮಗೆ ಇಷ್ಟವಾದರೆ ಮೊದಲ ನಾಲ್ಕು ಸರ್ಗ ಓದಿ 13ನೆಯದಕ್ಕೆ ಜಿಗಿದರೂ ನಷ್ಟವಿಲ್ಲ. ನಡುವಿನ ಒಕ್ಕಣ್ಣ ರಾಕ್ಷಸನ ಕಥೆಗೆ ಆಮೇಲೆ ಬರಬಹುದು.

ಅಪ್ಪ ಮನೆಯಲ್ಲೇ ಇರುವಾಗ

ಹೊಸ ಕಾಲದ ಇಂಗ್ಲಿಷ್ ಫ್ಯಾಂಟಸಿ ಗೆದ್ದಿರುವುದು ಇಲ್ಲಿ. ಹಳೆಯ ಕಾವ್ಯಗಳಲ್ಲಿ ಅಪ್ಪ ಮಕ್ಕಳು ರಣರಂಗದಲ್ಲಿ ಭೇಟಿಯಾಗುತ್ತಾರೆ, ಒಂದೇ ಸೂರಿನಡಿ ಬೆಳಗ್ಗೆಯಿಂದ ರಾತ್ರಿಯವರೆಗೆ ಹೇಗಿರುತ್ತಾರೆ ಎಂಬುದು ಅಲ್ಲಿ ಕಾಣುವುದು ಕಡಿಮೆ. ಎರಡು ಸರಣಿಗಳನ್ನು ಎದುರುಬದುರು ಇಡುತ್ತೇನೆ.

ಮೊದಲನೆಯದು ಜೋ ಅಬರ್‌ಕ್ರೋಂಬಿಯ ದಿ ಏಜ್ ಆಫ್ ಮ್ಯಾಡ್‌ನೆಸ್. 2019, 2020, 2021ರಲ್ಲಿ ಒಂದೊಂದರಂತೆ ಬಂದ ಮೂರು ಸಂಪುಟಗಳು. ಇದರ ಹಿಂದೆ 2006ರಿಂದ 2008ರವರೆಗೆ ಬಂದ ದಿ ಫಸ್ಟ್ ಲಾ ಎಂಬ ಮೂರು ಸಂಪುಟಗಳ ಕಥೆ ಇದೆ. ಆಗಿನ ಹೀರೋಗಳಿಗೆ ಈಗ ಮಕ್ಕಳು ಬೆಳೆದಿದ್ದಾರೆ. ಲೋಕವೂ ಬೆಳೆದಿದೆ: ಮಂತ್ರವಿದ್ಯೆ ಕ್ಷೀಣಿಸುತ್ತಿದೆ, ಕಾರ್ಖಾನೆಗಳ ಹೊಗೆ ಆಕಾಶ ತುಂಬುತ್ತಿದೆ, ಮಕ್ಕಳನ್ನು ಮಗ್ಗಗಳ ಕೆಳಗೆ ದುಡಿಸುತ್ತಿದ್ದಾರೆ, ಕೂಲಿಗಳು ಯಂತ್ರ ಒಡೆಯುತ್ತಿದ್ದಾರೆ. ಅಪ್ಪಂದಿರು ಕತ್ತಿ ಹಿಡಿದು ಉಳಿಸಿದ ರಾಜ್ಯ ಈಗ ಸಾಲ, ಬಡ್ಡಿ, ಬ್ಯಾಂಕಿನ ಕೈಯಲ್ಲಿದೆ. ಈ ಆಯ್ಕೆಯೇ ಸರಣಿಯ ದೊಡ್ಡ ಶಕ್ತಿ ಎಂದು ನನಗೆ ಅನಿಸುತ್ತದೆ. ಮುಂದಿನ ತಲೆಮಾರಿನ ಕಥೆ ಸಪ್ಪೆಯಾಗುವುದು ಹೆಚ್ಚಾಗಿ ಅದೇ ದುಷ್ಟ ಇನ್ನೊಂದು ಹೆಸರಿನಲ್ಲಿ ಎದ್ದು ಬಂದಾಗ. ಇಲ್ಲಿ ಮಕ್ಕಳ ಮುಂದಿರುವ ತೊಂದರೆಗೆ ಅಪ್ಪಂದಿರ ಬಳಿ ಉತ್ತರವೇ ಇಲ್ಲ. ಎಷ್ಟೋ ಕಡೆ ಆ ತೊಂದರೆಯನ್ನು ಹುಟ್ಟಿಸಿದವರೂ ಅವರೇ.

ಪಾತ್ರಗಳ ಪೈಕಿ ಮೂವರನ್ನು ನೋಡಿ. ಯುವರಾಜ ಒರ್ಸೊಗೆ ತಾನು ಯಾತಕ್ಕೂ ಬಾರದವನೆಂದು ಎಲ್ಲರೂ ಹೇಳಿ ಹೇಳಿ ಅವನೂ ನಂಬಿಬಿಟ್ಟಿದ್ದಾನೆ, ಒಳ್ಳೆಯದು ಮಾಡಬೇಕೆಂಬ ಆಸೆ ಮಾತ್ರ ಸತ್ತಿಲ್ಲ. ರಾಜ್ಯವೆಲ್ಲ ನಡುಗುವ ವಿಚಾರಣಾಧಿಕಾರಿ ಗ್ಲೊಕ್ತಾನ ಮಗಳು ಸವೀನ್ ವ್ಯಾಪಾರದಲ್ಲಿ ಅಪ್ಪನಷ್ಟೇ ನಿರ್ದಯಿ, ಆದರೆ ಆ ಅಪ್ಪ ಮಗಳ ನಡುವಿನ ಮಾತುಗಳಲ್ಲಿ ಇರುವ ಮಮತೆ ಸರಣಿಯ ಬೇರೆಲ್ಲೂ ಇಲ್ಲ. ಉತ್ತರದ ಹಳೆಯ ಯೋಧನ ಮಗಳು ರಿಕ್ಕೆಗೆ ಸೆಳವು ಬರುತ್ತದೆ, ಬಿದ್ದು ಎದ್ದಾಗ ಮುಂದಾಗುವುದು ಕಣ್ಣಿಗೆ ಕಟ್ಟಿರುತ್ತದೆ. ನಡುನಡುವೆ ಹೆಸರು ಕೇಳಿರದ ಸಾಮಾನ್ಯರ ಕಣ್ಣಿನಿಂದ ಕಣ್ಣಿಗೆ ಜಿಗಿಯುವ ಅಧ್ಯಾಯಗಳಿವೆ, ಯುದ್ಧವೆಂದರೆ ನಿಜಕ್ಕೂ ಏನೆಂದು ಅವುಗಳಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಿಕೊಡುವುದಿಲ್ಲ. ರಕ್ತ, ಬೈಗುಳ, ಲೈಂಗಿಕತೆ ಧಾರಾಳ. ಹದಿಹರೆಯದವರ ಕೈಗೆ ಕೊಡುವ ಪುಸ್ತಕವಲ್ಲ. ಹಿಂದಿನ ಮೂರು ಸಂಪುಟ ಓದದೆಯೂ ಕಥೆ ಅರ್ಥವಾಗುತ್ತದೆ, ಓದಿದ್ದರೆ ಮುದುಕರ ಒಂದೊಂದು ಮಾತೂ ಇರಿಯುತ್ತದೆ.

ಎರಡನೆಯದು ರಾಬಿನ್ ಹಾಬ್ ಬರೆದ ಫಿಟ್ಜ್ ಅಂಡ್ ದಿ ಫೂಲ್ ಸರಣಿ, 2014ರಿಂದ 2017ರವರೆಗಿನ ಮೂರು ಸಂಪುಟ. ಫಿಟ್ಜ್ ಎಂಬವನ ಬಾಲ್ಯದಿಂದ ಶುರುವಾದ ಕಥೆ 1995ರಷ್ಟು ಹಿಂದಿನದು. ಈಗ ಅವನು ಹೆಸರು ಬದಲಿಸಿಕೊಂಡು ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ಯಜಮಾನನಾಗಿ ಶಾಂತವಾಗಿದ್ದಾನೆ. ಬಹಳ ತಡವಾಗಿ ಒಬ್ಬ ಮಗಳು ಹುಟ್ಟುತ್ತಾಳೆ, ಬೀ. ತೀರ ಸಣ್ಣ ಮೈಕಟ್ಟು, ಮಾತಿಲ್ಲ, ಬುದ್ಧಿ ಬೆಳೆದಿಲ್ಲವೆಂದು ಜನ ಅಂದುಕೊಂಡಿದ್ದಾರೆ. ಅಪ್ಪ ಮುಟ್ಟಿದರೆ ಮಗಳು ಸರಿದುಕೊಳ್ಳುತ್ತಾಳೆ. ತನ್ನನ್ನು ಕಂಡರೆ ಅವಳಿಗಾಗದು ಎಂದು ಫಿಟ್ಜ್ ಒಳಗೊಳಗೇ ಕೊರಗುತ್ತಾನೆ. ಆಮೇಲೆ ಬೀಯ ಬಾಯಿಂದಲೇ ಕಥೆ ಶುರುವಾದಾಗ ನಮಗೆ ತಿಳಿಯುತ್ತದೆ: ಅಪ್ಪನ ಮನಸ್ಸಿನಲ್ಲಿ ಕುದಿಯುವುದೆಲ್ಲ ಅವನು ಮುಟ್ಟಿದಾಗ ಅವಳ ಮೇಲೆ ಪ್ರವಾಹದಂತೆ ನುಗ್ಗುತ್ತದೆ, ಅದನ್ನು ತಾಳಲಾರದೆ ಅವಳು ದೂರ ಸರಿಯುವುದು. ಅವನಿಗೆ ಇದು ಗೊತ್ತಿಲ್ಲ. ಒಂದೇ ಮನೆಯಲ್ಲಿ ಇಬ್ಬರು ನಿರೂಪಕರು, ಒಬ್ಬರನ್ನೊಬ್ಬರು ತಪ್ಪಾಗಿ ಓದಿಕೊಳ್ಳುತ್ತಾ ಹತ್ತಿರವಾಗುತ್ತಾ ಹೋಗುತ್ತಾರೆ. ಇಡೀ ಪ್ರಕಾರದಲ್ಲಿ ಅಪ್ಪ ಮಗಳ ಇಷ್ಟು ನಿಜವಾದ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಇದನ್ನು ನೇರವಾಗಿ ಕೈಗೆತ್ತಿಕೊಳ್ಳಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ. ಇದಕ್ಕೆ ಮುಂಚೆ ಫಿಟ್ಜನದೇ ಎರಡು ಸರಣಿ, ಆರು ದಪ್ಪ ಪುಸ್ತಕಗಳಿವೆ. ಅವನ್ನು ಓದದೆ ಬಂದರೆ ಮೊದಲ ಸಂಪುಟ ಒಬ್ಬ ಮಧ್ಯವಯಸ್ಕನ ಮನೆವಾರ್ತೆಯಂತೆ ನಿಧಾನ ಅನಿಸುತ್ತದೆ. ಓದಿಕೊಂಡು ಬಂದವರಿಗೆ ಅದೇ ನಿಧಾನ ಅಮೃತ, ಯಾಕೆಂದರೆ ಈ ಮನುಷ್ಯನಿಗೆ ಒಂದು ಮನೆ ಸಿಗಲಿ ಎಂದು ಅವರು ಸಾವಿರಾರು ಪುಟಗಳಿಂದ ಕಾದಿದ್ದಾರೆ. ಮಗು ಅಪಾಯಕ್ಕೆ ಸಿಲುಕುವ ಕಥೆಗಳನ್ನು ತಾಳಲಾರದವರೂ ಯೋಚಿಸಿ ಕೈಹಾಕಿ.

ಎರಡರಲ್ಲಿ ಒಂದನ್ನು ಆರಿಸಬೇಕಾದರೆ ಸಮಯವನ್ನು ನೋಡಿ ನಿರ್ಧರಿಸಿ. ಮೂರೇ ಪುಸ್ತಕಕ್ಕೆ ಸಮಯವಿದ್ದರೆ ಅಬರ್‌ಕ್ರೋಂಬಿ. ಒಂದಿಡೀ ವರ್ಷ ಒಬ್ಬ ಮನುಷ್ಯನ ಜೊತೆ ಕಳೆಯಲು ತಯಾರಿದ್ದರೆ ಹಾಬ್. ಅಬರ್‌ಕ್ರೋಂಬಿಯ ಇಂಗ್ಲಿಷಿನಲ್ಲಿ ಬೀದಿಮಾತು, ವ್ಯಂಗ್ಯ ಹೆಚ್ಚು, ಒಗ್ಗಲು ಕೆಲವು ಅಧ್ಯಾಯ ಬೇಕು. ಹಾಬ್‌ಳ ವಾಕ್ಯಗಳು ತಿಳಿ, ಕಥೆ ಮಾತ್ರ ಅವಸರ ಮಾಡುವುದಿಲ್ಲ.

ಅಪ್ಪ ಸತ್ತು ಹೆಸರು ಉಳಿದಾಗ

ಹದಿಮೂರು ಹದಿನಾಲ್ಕರ ಮಕ್ಕಳಿಗೆ, ಇಂಗ್ಲಿಷ್ ಓದು ಈಗಷ್ಟೇ ಹಿಡಿತಕ್ಕೆ ಬರುತ್ತಿರುವವರಿಗೆ ನಾನು ಹೇಳುವುದು ಡ್ರ್ಯಾಗನ್‌ಲ್ಯಾನ್ಸ್. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ 1984ರಲ್ಲಿ ಆರಂಭಿಸಿದ ಲೋಕ. ಆ ವೀರರ ಮಕ್ಕಳ ಕಥೆಗಳು 1994ರ ದಿ ಸೆಕೆಂಡ್ ಜನರೇಶನ್ ಎಂಬ ಸಂಕಲನದಲ್ಲಿವೆ, ಮುಂದಿನ ಕಥೆ 1995ರ ಡ್ರ್ಯಾಗನ್ಸ್ ಆಫ್ ಸಮ್ಮರ್ ಫ್ಲೇಮ್ ಕಾದಂಬರಿಯಲ್ಲಿದೆ. ಬರವಣಿಗೆ ಸರಳ, ಓಟ ಚುರುಕು. ಮೇಲಿನ ಎರಡು ಸರಣಿಗಳ ಆಳ ಇದಕ್ಕಿಲ್ಲ. ಆದರೂ ಇದರಲ್ಲಿ ಒಂದು ಪಾತ್ರ ಇದೆ, ಅದಕ್ಕಾಗಿ ದೊಡ್ಡವರೂ ಓದಬಹುದು: ಸ್ಟೀಲ್ ಬ್ರೈಟ್‌ಬ್ಲೇಡ್. ಅಪ್ಪ ಸ್ಟರ್ಮ್, ಧರ್ಮಕ್ಕಾಗಿ ಪ್ರಾಣ ಕೊಟ್ಟ ಯೋಧ. ಅಮ್ಮ ಕಿಟಿಯಾರಾ, ಎದುರುಪಡೆಯ ದಂಡನಾಯಕಿ. ಮಗ ಬೆಳೆದದ್ದು ಅಮ್ಮನ ಪಕ್ಷದಲ್ಲಿ, ಪ್ರತಿಜ್ಞೆ ಮಾಡಬೇಕಾದದ್ದು ಕತ್ತಲೆಯ ದೇವತೆಗೆ. ಅವನನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ಅಪ್ಪನ ಗೆಳೆಯರು ಅಪ್ಪನ ಸಮಾಧಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಅವನಿಗೆ ಅಪ್ಪನ ಕತ್ತಿ ಸಿಗುತ್ತದೆ. ಕತ್ತಿ ಸಿಕ್ಕಿತೆಂದು ಅವನು ಪಕ್ಷ ಬದಲಿಸುವುದಿಲ್ಲ. ಕೆಟ್ಟ ಪಡೆಯಲ್ಲಿ ನಿಂತು ಒಳ್ಳೆಯವನ ಹಾಗೆ ಮಾತಿಗೆ ತಪ್ಪದೆ ಬದುಕುವ ಹಟ ಹಿಡಿಯುತ್ತಾನೆ. ಕರ್ಣನ ಕಥೆ ಕೇಳಿ ಬೆಳೆದ ನಮಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಪುಸ್ತಕಗಳ ಇನ್ನೊಬ್ಬ ಹುಡುಗ ಪ್ಯಾಲಿನ್. ಅಪ್ಪ ಕ್ಯಾರಮನ್ ತೋಳ್ಬಲದ ಯೋಧ, ಆದರೆ ಮಗನಿಗೆ ಹಿಡಿದದ್ದು ಮಂತ್ರವಿದ್ಯೆ. ಅದೇ ವಿದ್ಯೆಯ ಹಿಂದೆ ಹೋಗಿ ದಾರಿ ತಪ್ಪಿದವನು ಅಪ್ಪನ ಅವಳಿ ತಮ್ಮ ರೈಸ್ಟ್‌ಲಿನ್. ಮಗನಲ್ಲಿ ತಮ್ಮನ ಛಾಯೆ ಕಂಡಾಗ ಅಪ್ಪನಿಗೆ ಆಗುವ ಹೆದರಿಕೆ ಸಂಕಲನದ ಒಳ್ಳೆಯ ಭಾಗ. ಹಿಂದಿನ ಮೂಲ ಮೂರು ಪುಸ್ತಕಗಳನ್ನಾದರೂ ಓದಿರಬೇಕು, ಇಲ್ಲದಿದ್ದರೆ ಹೆಸರುಗಳ ಕಾಡಿನಲ್ಲಿ ಕಳೆದುಹೋಗುತ್ತೀರಿ.

ಉಳಿದವು

ಟೆರಿ ಬ್ರೂಕ್ಸ್‌ನ ಶನಾರಾ ಸರಣಿ ತಲೆಮಾರು ದಾಟುವುದನ್ನೇ ಪದ್ಧತಿ ಮಾಡಿಕೊಂಡದ್ದು. 1977ರ ಮೊದಲ ಕಾದಂಬರಿಯ ನಾಯಕನ ಮೊಮ್ಮಗ 1982ರದ್ದರಲ್ಲಿ, ಆ ಮೊಮ್ಮಗನ ಮಕ್ಕಳು 1985ರದ್ದರಲ್ಲಿ. ಹಗುರವಾದ ಓದು, ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿದೆ, ಅಲ್ಲಿಂದಲೇ ಶುರುಮಾಡಬಹುದು. ಫ್ರ್ಯಾಂಕ್ ಹರ್ಬರ್ಟ್‌ನ ಚಿಲ್ಡ್ರನ್ ಆಫ್ ಡ್ಯೂನ್ (1976) ವೈಜ್ಞಾನಿಕ ಕಥೆಯ ಸಾಲಿಗೆ ಸೇರಿದ್ದು, ಆದರೂ ಹೆಸರಿಸಬೇಕು: ಹುಟ್ಟುವ ಮೊದಲೇ ಪೂರ್ವಜರೆಲ್ಲರ ನೆನಪು ತಲೆಯೊಳಗೆ ಬಂದಿರುವ ಅವಳಿ ಮಕ್ಕಳು. ಅಪ್ಪನ ನೆರಳಿನಿಂದ ತಪ್ಪಿಸಿಕೊಳ್ಳುವುದು ಎಂಬ ಮಾತಿಗೆ ಅಲ್ಲಿ ಅರ್ಥವೇ ಬೇರೆ. ಮೊದಲೆರಡು ಪುಸ್ತಕ ಓದದೆ ಹೋಗಬೇಡಿ.

ಇನ್ನು ಟೋಲ್ಕಿನ್. ಉಂಗುರದ ಕಥೆ ದಿ ಲಾರ್ಡ್ ಆಫ್ ದಿ ರಿಂಗ್ಸ್‌ನ ಮುಂದಿನ ತಲೆಮಾರು ಏನಾಯಿತು ಎಂದು ಕ್ಲಬ್ಬುಗಳಲ್ಲಿ, ಗೆಳೆಯರ ಗುಂಪುಗಳಲ್ಲಿ ಈಗಲೂ ಕೇಳುವವರಿದ್ದಾರೆ. ಅವನು ಅದನ್ನು ಬರೆಯಲು ಕೂತದ್ದು ನಿಜ. ದಿ ನ್ಯೂ ಶ್ಯಾಡೋ ಎಂಬ ಹೆಸರು, ಆ ಕಥೆಯ ಕೊನೆಗೆ ರಾಜನಾದ ಅರಗಾರ್ನ್‌ನ ಮಗ ಎಲ್ಡೇರಿಯನ್ ಆಳುವ ಕಾಲ, ಕತ್ತಲೆಯ ಕೋಟೆ ಬಿದ್ದು ಸುಮಾರು ನೂರು ವರ್ಷದ ನಂತರ. ಶಾಂತಿಯಲ್ಲಿ ಬೆಳೆದ ಹುಡುಗರು ಬೇಸರಕ್ಕೆ ಕೆಡುಕಿನ ಆಟ ಆಡುವುದರಿಂದ ಶುರು. ಕೆಲವು ಪುಟ ಬರೆದು ಕೈಬಿಟ್ಟ. ಆ ತುಣುಕು 1996ರಲ್ಲಿ ಅವನ ಮಗ ಸಂಪಾದಿಸಿದ ಸಂಪುಟವೊಂದರಲ್ಲಿ ಅಚ್ಚಾಯಿತು. ಅರ್ಧಕ್ಕೆ ನಿಂತ ಕಥೆಯೆಂದು ತಿಳಿದೇ ಓದಿ.

ಹಾಗಾದರೆ ಯಾವುದು?

ಕನ್ನಡ ಕಾವ್ಯದ ಜೊತೆ ಕುಸ್ತಿ ಮಾಡುವ ಮನಸ್ಸಿದ್ದರೆ ಬಭ್ರುವಾಹನನ ಭಾಗ, ಅದಕ್ಕೆ ಸಮಯವಿಲ್ಲದಿದ್ದರೆ ಉತ್ತರರಾಮಚರಿತದ ಯಾವುದಾದರೂ ಒಳ್ಳೆಯ ಅನುವಾದ. ಅಳಬೇಕೆಂದೇ ಓದುವವರಿಗೆ ಸೊಹ್ರಾಬ್. ರಾಜಕೀಯ, ಕಾರ್ಖಾನೆ, ಕ್ರಾಂತಿ ಬೇಕಾದವರಿಗೆ ಅಬರ್‌ಕ್ರೋಂಬಿ. ಈಗಾಗಲೇ ಫಿಟ್ಜನ ಆರು ಪುಸ್ತಕ ಓದಿರುವವರು ಈ ಬರಹವನ್ನು ಇಷ್ಟು ಹೊತ್ತು ಓದುವ ಅಗತ್ಯವೇ ಇರಲಿಲ್ಲ, ಬೀ ಕಾಯುತ್ತಿದ್ದಾಳೆ.

ಗಂಡುಮಕ್ಕಳ ಕಥೆಗಳೇ ಇಲ್ಲಿ ಹೆಚ್ಚಾದವಲ್ಲ ಎಂದು ನಿಮಗೆ ಅನಿಸಿದ್ದರೆ ಅದು ಸರಿಯಾದ ಆಕ್ಷೇಪ. ಹಳೆಯ ಕಾವ್ಯಗಳಲ್ಲಿ ವೀರರ ಹೆಣ್ಣುಮಕ್ಕಳಿಗೆ ಸ್ವಂತ ಕಥೆ ಸಿಕ್ಕಿದ್ದು ಬಹಳ ಕಡಿಮೆ. ಹೊಸ ಕಾದಂಬರಿಗಳು ಅವಕ್ಕಿಂತ ನಿಚ್ಚಳವಾಗಿ ಮುಂದಿರುವುದು ಇದೊಂದರಲ್ಲಿ: ಸವೀನ್, ರಿಕ್ಕೆ, ಬೀ ಈ ಮೂವರ ಪಕ್ಕದಲ್ಲಿ ನಿಲ್ಲಿಸಲು ಹಳೆಯ ಕಾವ್ಯಗಳಲ್ಲಿ ನನಗೆ ಯಾರೂ ಸಿಗುತ್ತಿಲ್ಲ. ಹೆಣ್ಣುಮಗಳ ಕಣ್ಣಿನಿಂದಲೇ ನೋಡಬೇಕೆಂದಿದ್ದರೆ ರಿಕ್ಕೆಯಿಂದ ಶುರುಮಾಡಿ. ಏಜ್ ಆಫ್ ಮ್ಯಾಡ್‌ನೆಸ್‌ನ ಮೊದಲ ಸಂಪುಟದ ಹೆಸರು ಎ ಲಿಟಲ್ ಹೇಟ್ರೆಡ್, ಅದರ ಮೊದಲ ಅಧ್ಯಾಯವೇ ಅವಳದ್ದು.